ಜುರಾಸಿಕ್ ಕಾಲದ ಅಳಿವಿನಲ್ಲಿ ಹವಳಗಳ ಗತಿ ಏನಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಜುರಾಸಿಕ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಡೈನೋಸಾರ್. ಅದೇ ಕಾಲದಲ್ಲಿ ಸಮುದ್ರದೊಳಗೆ ಹವಳಗಳು ಸಾವಿನ ಅಂಚಿಗೆ ಹೋಗಿ ಬಂದವು. ಈ ಬಗ್ಗೆ ಓದಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಓದುವಾಗ ಒಂದು ವಿಷಯ ಗಮನದಲ್ಲಿರಲಿ. ಹವಳ ಒಂದು ಪ್ರಾಣಿ. ಹವಳದ ದಿಬ್ಬ ಅಂದರೆ ಕೋಟ್ಯಂತರ ಹವಳಗಳು ಸೇರಿ ಕಟ್ಟಿದ ಮನೆ. ಪ್ರಾಣಿ ಉಳಿದರೂ ಮನೆ ಉಳಿಯದೇ ಹೋಗಬಹುದು. ಜುರಾಸಿಕ್‌ನಲ್ಲಿ ಆದದ್ದು ಅದೇ.

ಜುರಾಸಿಕ್ ಬಿಕ್ಕಟ್ಟು ಅಂದರೆ ಸರಿಯಾಗಿ ಯಾವುದು?

ಜುರಾಸಿಕ್ ಕಾಲ ಸುಮಾರು 20.1 ಕೋಟಿ ವರ್ಷಗಳ ಹಿಂದೆ ಶುರುವಾಗಿ 14.5 ಕೋಟಿ ವರ್ಷಗಳ ಹಿಂದೆ ಮುಗಿಯಿತು. ಹವಳಗಳಿಗೆ ಎರಡು ಏಟು ಬಿದ್ದವು. ಮೊದಲನೆಯದು ಬಿದ್ದದ್ದು ಟ್ರಯಾಸಿಕ್ ಮುಗಿದು ಜುರಾಸಿಕ್ ಶುರುವಾಗುವ ಹೊತ್ತಿಗೆ. ಭೂಮಿಯ ಇತಿಹಾಸದ ಐದು ಮಹಾ ಅಳಿವುಗಳಲ್ಲಿ ಅದೂ ಒಂದು. ಎರಡನೆಯದು ಸುಮಾರು 18.3 ಕೋಟಿ ವರ್ಷಗಳ ಹಿಂದೆ, ಟೊಆರ್ಶಿಯನ್ ಎಂಬ ಉಪಕಾಲದ ಆರಂಭದಲ್ಲಿ ಬಿತ್ತು. ಅದಕ್ಕಿಂತ ಮೊದಲಿನ ಉಪಕಾಲದ ಹೆಸರು ಪ್ಲೀನ್ಸ್‌ಬಾಕಿಯನ್.

ಇಲ್ಲಿ ಹೆಚ್ಚಿನ ಮಾತು ಎರಡನೆಯದರ ಬಗ್ಗೆ. ಮಹಾ ಅಳಿವುಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ, ಹಾಗಾಗಿ ಜನ ಇದನ್ನು ಚಿಕ್ಕದು ಅಂದುಕೊಳ್ಳುತ್ತಾರೆ. ಹವಳಗಳ ಕಡೆಯಿಂದ ನೋಡಿದರೆ ಇದು ಖಂಡಿತ ಚಿಕ್ಕದಲ್ಲ. ಆದರೆ ಮೊದಲನೆಯದನ್ನು ಬಿಟ್ಟರೆ ಎರಡನೆಯದು ಅರ್ಥವಾಗುವುದಿಲ್ಲ.

ಆಗಿನ ಹವಳ ಮತ್ತು ಈಗಿನ ಹವಳ ಒಂದೇ ಕುಲದವಾ?

ಹೌದು. ಈಗ ದಿಬ್ಬ ಕಟ್ಟುವ ಹವಳಗಳು ಹೆಚ್ಚುಕಡಿಮೆ ಎಲ್ಲವೂ ಸ್ಕ್ಲೆರಾಕ್ಟೀನಿಯಾ ಎಂಬ ಗುಂಪಿಗೆ ಸೇರಿದವು. ಜುರಾಸಿಕ್ ಹವಳಗಳೂ ಅದೇ ಗುಂಪಿನವು. ಅದಕ್ಕೂ ಹಿಂದೆ ರುಗೋಸಾ, ಟ್ಯಾಬ್ಯುಲೇಟಾ ಎಂಬ ಬೇರೆ ಗುಂಪುಗಳಿದ್ದವು. ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಕಾಲದ ಕೊನೆಯ ಅಳಿವಿನಲ್ಲಿ, ಅವು ಪೂರ್ತಿ ಹೋದವು. ಹೊಸ ಗುಂಪಿನ ಪಳೆಯುಳಿಕೆಗಳು ಟ್ರಯಾಸಿಕ್‌ನ ಮಧ್ಯಭಾಗದಿಂದ ಸಿಗುತ್ತವೆ.

ಉಂಗುರದಲ್ಲಿ ಹಾಕಿಕೊಳ್ಳುವ ಕೆಂಪು ಹವಳವೂ ಇದೇನಾ?

ಅಲ್ಲ. ಅದು ದೂರದ ನೆಂಟ. ಕೆಂಪು ಹವಳ ಎಂಟು ಕೈಗಳ ಪಾಲಿಪ್ (ಹವಳದ ಮೆತ್ತಗಿನ ಪುಟ್ಟ ದೇಹ) ಇರುವ ಬೇರೆ ಗುಂಪಿನದು, ದಿಬ್ಬ ಕಟ್ಟುವುದಿಲ್ಲ.

ಮೊದಲ ಏಟಿನಲ್ಲಿ ಏನಾಯಿತು?

ಇದನ್ನು ಕಣ್ಣಾರೆ ನೋಡಬಹುದಾದ ಒಂದು ಊರಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದ ಹತ್ತಿರದ ಆಡ್ನೆಟ್. ಅಲ್ಲಿ ಕಟ್ಟಡದ ಕಲ್ಲಿಗಾಗಿ ಬಹಳ ಹಿಂದಿನಿಂದ ಕ್ವಾರಿ ನಡೆಸಿದ್ದಾರೆ. ಒಂದು ಕ್ವಾರಿಯಲ್ಲಿ ಬಂಡೆಯನ್ನು ಗರಗಸದಿಂದ ನುಣ್ಣಗೆ ಕೊಯ್ದು ಗೋಡೆಯಂತೆ ಬಿಟ್ಟಿದ್ದಾರೆ. ಆ ಗೋಡೆ ತುಂಬ ರೆಟಿಯೋಫಿಲಿಯಾ ಎಂಬ ಕವಲು ಹವಳ. ಕವಲು ಅಡ್ಡ ಕೊಯ್ದಲ್ಲಿ ಬಿಳಿ ವೃತ್ತ ಕಾಣುತ್ತದೆ, ಉದ್ದಕ್ಕೆ ಕೊಯ್ದಲ್ಲಿ ಕೊಳವೆ ಕಾಣುತ್ತದೆ. ಹತ್ತಿರ ಹೋದರೆ ವೃತ್ತದ ಅಂಚಿನಿಂದ ನಡುವಿಗೆ ಚಾಚಿದ ತೆಳು ಗೆರೆಗಳೂ ಕಾಣುತ್ತವೆ. ಪಾಲಿಪ್ ಕೂತಿದ್ದ ಬಟ್ಟಲಿನ ಒಳಗೋಡೆಗಳು ಅವು. ಕವಲುಗಳ ಮಧ್ಯೆ ಬಿದ್ದ ಸುಣ್ಣದ ಕೆಸರು ಗಟ್ಟಿಯಾಗಿ ಎಲ್ಲವನ್ನೂ ಹಿಡಿದಿಟ್ಟಿದೆ. ಇದು ಟ್ರಯಾಸಿಕ್ ಕೊನೆಯ ದಿಬ್ಬ.

ಇದರ ಮೇಲಿನ ಪದರಗಳು ಜುರಾಸಿಕ್‌ನವು. ಕೆಂಪು ಸುಣ್ಣಕಲ್ಲು. ಅದರಲ್ಲಿ ಸುರುಳಿ ಚಿಪ್ಪಿನ ಅಮೊನೈಟ್‌ಗಳಿವೆ. ದಿಬ್ಬ ಇಲ್ಲ. ಒಂದೇ ಊರಿನ ಕಲ್ಲಿನಲ್ಲಿ ದಿಬ್ಬ ಕಟ್ಟುವುದು ನಿಂತು, ಜಾಗ ಆಳ ಸಮುದ್ರವಾಗಿದ್ದು ಎರಡೂ ಕಾಣುತ್ತದೆ.

ಕಾರಣ ಮಧ್ಯ ಅಟ್ಲಾಂಟಿಕ್ ಪ್ರದೇಶದ ಮಹಾ ಲಾವಾ ಪ್ರವಾಹ ಎಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ. ಖಂಡಗಳು ಬಿರಿಯುತ್ತಿದ್ದ ಕಾಲ ಅದು. ಗಾಳಿಗೆ ಅಪಾರ ಕಾರ್ಬನ್ ಡೈಆಕ್ಸೈಡ್ ಸೇರಿ ಭೂಮಿ ಬಿಸಿಯಾಯಿತು.

ಆಮೇಲೆ ಹವಳಗಳು ಚೇತರಿಸಿಕೊಂಡವಾ?

ನಿಧಾನವಾಗಿ. ಜುರಾಸಿಕ್‌ನ ಮೊದಲ ಹಂತದಲ್ಲಿ ದಿಬ್ಬಗಳು ತೀರಾ ಅಪರೂಪ. ಹಾಗಂತ ಒಂದೂ ಇರಲಿಲ್ಲ ಅನ್ನುವುದು ತಪ್ಪು. ದಕ್ಷಿಣ ಫ್ರಾನ್ಸ್‌ನ ಆರ್ದೆಶ್ ಪ್ರದೇಶದಲ್ಲಿ ಆ ಕಾಲದ ಒಂದು ಚಿಕ್ಕ ದಿಬ್ಬ ಸಿಕ್ಕಿದೆ. ಸ್ಕಾಟ್ಲೆಂಡ್‌ನ ಸ್ಕೈ ದ್ವೀಪದಲ್ಲಿ ಹವಳದ ಒಂದು ಪದರ ಇದೆ. ಸ್ವಲ್ಪ ಆಮೇಲಿನ ಇನ್ನೊಂದು ದಿಬ್ಬ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಟೆಲ್ಕ್ವಾ ಬೆಟ್ಟಗಳಲ್ಲಿದೆ.

ಪ್ಲೀನ್ಸ್‌ಬಾಕಿಯನ್ ಬರುವ ಹೊತ್ತಿಗೆ ಪರಿಸ್ಥಿತಿ ಸುಧಾರಿಸಿತ್ತು. ಈಗಿನ ಮೊರಾಕೊದ ಹೈ ಅಟ್ಲಾಸ್ ಬೆಟ್ಟಗಳು ಆಗ ಬೆಚ್ಚಗಿನ ಆಳವಿಲ್ಲದ ಸಮುದ್ರದ ತಳ. ಅಲ್ಲಿ ಹವಳಗಳು ಮತ್ತೆ ದಿಬ್ಬ ಕಟ್ಟಿದವು. ಅವುಗಳ ಜೊತೆಗೆ ಲಿಥಿಯೋಟಿಸ್ ಬಳಗದ ವಿಚಿತ್ರ ಕಪ್ಪೆಚಿಪ್ಪುಗಳೂ ಇದ್ದವು. ಇವು ಉದ್ದನೆಯ ದಪ್ಪ ಚಿಪ್ಪಿನ ಜೀವಿಗಳು. ಕೆಸರಿನಲ್ಲಿ ನೆಟ್ಟಗೆ ಒತ್ತೊತ್ತಾಗಿ ನಿಂತು ತಾವೇ ದಿಬ್ಬದಂಥ ರಾಶಿ ಕಟ್ಟುತ್ತಿದ್ದವು. ಮೊರಾಕೊದಿಂದ ಇಟಲಿ, ಟಿಬೆಟ್‌ವರೆಗೂ ಇವುಗಳ ಪದರ ಸಿಗುತ್ತದೆ. ಮೊದಲ ಅಳಿವಿನಿಂದ ಇಲ್ಲಿಗೆ ಬರಲು ಒಂದು ಕೋಟಿ ವರ್ಷದ ಆಸುಪಾಸು ಹಿಡಿಯಿತು. ಅಷ್ಟರಲ್ಲಿ ಎರಡನೇ ಏಟು ಬಂತು.

ಟೊಆರ್ಶಿಯನ್ ಆರಂಭದಲ್ಲಿ ನಡೆದದ್ದೇನು?

ಈಗಿನ ದಕ್ಷಿಣ ಆಫ್ರಿಕಾ, ಲೆಸೊಥೊ, ಅಂಟಾರ್ಕ್ಟಿಕಾ ಎಲ್ಲ ಆಗ ಗೊಂಡ್ವಾನಾ ಎಂಬ ಒಂದೇ ಭೂಭಾಗ. ಭಾರತವೂ ಅದಕ್ಕೇ ಅಂಟಿಕೊಂಡಿತ್ತು. ಆ ಭೂಭಾಗ ಬಿರಿಯಲು ಶುರುವಾದಾಗ ನೆಲದ ಬಿರುಕುಗಳಿಂದ ಲಾವಾ ಉಕ್ಕಿತು. ಇದಕ್ಕೆ ಕರೂ-ಫೆರಾರ್ ಎಂದು ಹೆಸರು. ಕರೂ ಇರುವುದು ದಕ್ಷಿಣ ಆಫ್ರಿಕಾದಲ್ಲಿ. ಲೆಸೊಥೊದಲ್ಲಿ, ಡ್ರಾಕನ್ಸ್‌ಬರ್ಗ್ ಬೆಟ್ಟಸಾಲಿನಲ್ಲಿ ಉಳಿದಿರುವ ಲಾವಾ ಪದರಗಳೇ ಸುಮಾರು ಒಂದೂವರೆ ಕಿಲೋಮೀಟರ್ ದಪ್ಪ ಇವೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಇಂಥ ಕಪ್ಪು ಕಲ್ಲು ಹೊಸದಲ್ಲ. ನಮ್ಮ ದಖ್ಖನ್ ಲಾವಾ ಕೂಡ ಇದೇ ಬಗೆಯದು, ಆದರೆ ಅದು 6.6 ಕೋಟಿ ವರ್ಷಗಳ ಹಿಂದಿನದು.

ಲಾವಾದಿಂದ ಬಂದ ಅನಿಲವೇ ಸಾಕಷ್ಟಿತ್ತು. ಅದರ ಮೇಲೆ ಇನ್ನೊಂದು ಸೇರಿತು. ಮೇಲೇರುತ್ತಿದ್ದ ಕರಗಿದ ಕಲ್ಲಿನಲ್ಲಿ ಸ್ವಲ್ಪ ಭಾಗ ಹೊರಗೆ ಬರದೆ ಕರೂ ಪ್ರದೇಶದ ಕಲ್ಲಿದ್ದಲು, ಜೇಡಿಪದರಗಳ ನಡುವೆ ಅಡ್ಡಡ್ಡ ನುಗ್ಗಿತು. ಸುತ್ತಲಿನ ಇದ್ದಲಿನ ಪದರ ಸುಟ್ಟು ಮೀಥೇನ್, ಕಾರ್ಬನ್ ಡೈಆಕ್ಸೈಡ್ ಹೊರಬಂದವು. ಒತ್ತಡ ತಾಳದೆ ನೆಲ ಸಿಡಿದು ಉಂಟಾದ ಕೊಳವೆಗಳು ಇವತ್ತೂ ಕರೂ ಪ್ರದೇಶದಲ್ಲಿ ಇವೆ. ಪುಡಿಗಲ್ಲು ತುಂಬಿಕೊಂಡ ಆ ಕೊಳವೆಗಳೇ ಅನಿಲ ಹೊರಬಂದ ದಾರಿ. ಅಲ್ಲಿ ಸುಟ್ಟದ್ದು ಕಲ್ಲಿದ್ದಲು ಅನ್ನುವುದನ್ನು ಇವತ್ತಿನ ಓದುಗರು ಗಮನಿಸಬೇಕು.

ಇದರಿಂದ ಸಮುದ್ರದ ನೀರು ಹಲವೆಡೆ 5 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಬಿಸಿಯಾಯಿತು. ಈಗಿನ ಹವಳಗಳು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ 1 ಡಿಗ್ರಿ ಏರಿ ಕೆಲವು ವಾರ ಹಾಗೇ ಉಳಿದರೆ ಒಳಗಿನ ಪಾಚಿ ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ಹಾಗಾದರೆ ಆಗಿನ ಪರಿಸ್ಥಿತಿ ಹೇಗಿದ್ದಿರಬೇಕು ಯೋಚಿಸಿ.

ಆಮ್ಲಜನಕ ಇಲ್ಲದೆ ಹವಳಗಳು ಸತ್ತವು ಅಂತ ಓದಿದ್ದೆ. ನಿಜವಾ?

ಅರ್ಧ ನಿಜ. ಈ ಬಿಕ್ಕಟ್ಟಿಗೆ ಸಮುದ್ರದ ಆಮ್ಲಜನಕ ಕೊರತೆಯ ಘಟನೆ ಎಂದೇ ಹೆಸರು ಬಿದ್ದಿದೆ. 1980ರ ದಶಕದಲ್ಲಿ ಇದನ್ನು ಗುರುತಿಸಿದವರು ಬ್ರಿಟಿಷ್ ಭೂವಿಜ್ಞಾನಿ ಹ್ಯೂ ಜೆಂಕಿನ್ಸ್. ಈಗ ಕೆಲವರು ಅವರ ಹೆಸರಿನಲ್ಲೇ ಜೆಂಕಿನ್ಸ್ ಘಟನೆ ಅನ್ನುತ್ತಾರೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯಲ್ಲಿ, ಜರ್ಮನಿಯ ಹೋಲ್ಜ್‌ಮಾಡೆನ್‌ನಲ್ಲಿ ಆ ಕಾಲದ ಕಪ್ಪು ಜೇಡಿಕಲ್ಲು ಸಿಗುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಇಲ್ಲದ ಕಾರಣ ಸತ್ತ ಜೀವಿಗಳು ಕೊಳೆಯಲಿಲ್ಲ. ಹೋಲ್ಜ್‌ಮಾಡೆನ್‌ನ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪಗಳು ಚರ್ಮದ ಗುರುತಿನ ಸಮೇತ ಉಳಿದದ್ದು ಇದೇ ಕಾರಣಕ್ಕೆ.

ಆದರೆ ದಿಬ್ಬದ ಹವಳ ಇರುವುದು ಆಳವಿಲ್ಲದ, ಅಲೆ ಬಡಿಯುವ ಜಾಗದಲ್ಲಿ. ಅಲ್ಲಿ ಗಾಳಿಯ ಆಮ್ಲಜನಕ ನೀರಿಗೆ ಬೆರೆಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾಲ ಹೊಂದುವುದಿಲ್ಲ. ಮೊರಾಕೊದಲ್ಲಿ ದಿಬ್ಬಗಳು ನಿಂತದ್ದು ಪ್ಲೀನ್ಸ್‌ಬಾಕಿಯನ್ ಮುಗಿದು ಟೊಆರ್ಶಿಯನ್ ಶುರುವಾಗುವ ಗಡಿಯಲ್ಲಿ. ಕಪ್ಪು ಜೇಡಿಯ ಮುಖ್ಯ ಹಂತ ಬಂದದ್ದು ಆಮೇಲೆ. ಅಂದರೆ ಉಸಿರು ಕಟ್ಟುವ ಮೊದಲೇ ದಿಬ್ಬಗಳು ಕುಸಿದಿದ್ದವು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಸುಳಿವು ಇದೇ.

ಹಾಗಾದರೆ ದಿಬ್ಬಗಳನ್ನು ಕೊಂದದ್ದು ಏನು?

ಒಂದೇ ಕೊಲೆಗಾರ ಇಲ್ಲ. ಬಿಸಿ ಮೊದಲನೆಯದು. 2021ರಲ್ಲಿ ರಾಫಾಯೆಲ್ ವಾಸರ್ ಮತ್ತು ಜೊತೆಗಾರರು ಆ ಕಾಲದ ಹವಳಗಳ ದಾಖಲೆಗಳನ್ನು ಒಟ್ಟು ಮಾಡಿ ನೋಡಿದರು. ಟೊಆರ್ಶಿಯನ್ ಆರಂಭದ ಬಿಸಿಯೇರಿಕೆಯ ಹೊತ್ತಿನಲ್ಲೇ ಹವಳಗಳ ದೊಡ್ಡ ಅಳಿವು ನಡೆದಿದೆ ಎಂದು ಅವರು ತೋರಿಸಿದರು.

ಎರಡನೆಯದು ನೀರಿನ ಆಮ್ಲೀಯತೆ. ಕಾರ್ಬನ್ ಡೈಆಕ್ಸೈಡ್ ಸಮುದ್ರದಲ್ಲಿ ಕರಗಿದಷ್ಟೂ ಸುಣ್ಣ ಕಟ್ಟಲು ಬೇಕಾದ ಕಾರ್ಬನೇಟ್ ಕಡಿಮೆಯಾಗುತ್ತದೆ. ಹವಳ ತನ್ನ ಗಟ್ಟಿ ಮೈಯನ್ನು ಅರಗೊನೈಟ್ ಎಂಬ ಸುಣ್ಣದ ಖನಿಜದಿಂದ ಕಟ್ಟುತ್ತದೆ. ಸಾಮಾನ್ಯ ಕ್ಯಾಲ್ಸೈಟ್‌ಗಿಂತ ಇದು ಸುಲಭವಾಗಿ ಕರಗುತ್ತದೆ. ಕಟ್ಟುವ ಖರ್ಚು ಏರಿತು, ಕಟ್ಟಿದ್ದು ಸವೆಯಿತು. ಇದು ಬರೀ ಊಹೆ ಅಲ್ಲ. ಪೋರ್ಚುಗಲ್‌ನಲ್ಲಿ ಸಿಕ್ಕ ಬ್ರಾಕಿಯೋಪಾಡ್ ಎಂಬ ಕಡಲ ಜೀವಿಗಳ ಚಿಪ್ಪಿನಲ್ಲಿ ಬೋರಾನ್ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಬಗೆಗಳು) ಅಳೆದು 2020ರಲ್ಲಿ ಒಂದು ತಂಡ ಈ ಆಮ್ಲೀಯತೆಗೆ ನೇರ ಸಾಕ್ಷಿ ಕೊಟ್ಟಿದೆ. ಚಿಪ್ಪು ಬೆಳೆದಾಗ ನೀರಿನ ಪಿಹೆಚ್ (ಆಮ್ಲೀಯತೆಯ ಅಳತೆ) ಎಷ್ಟಿತ್ತೋ ಅದಕ್ಕೆ ತಕ್ಕ ಹಾಗೆ ಬೋರಾನ್ ಒಳಗೆ ಸೇರಿರುತ್ತದೆ.

ಮೂರನೆಯದನ್ನು ಜನ ಮರೆಯುತ್ತಾರೆ: ಕೆಸರು. ಬಿಸಿ ಜಾಸ್ತಿಯಾದರೆ ಮಳೆಯೂ ಜಾಸ್ತಿ. ನೆಲ ಕೊಚ್ಚಿಹೋಗಿ ಮರಳು, ಜೇಡಿ, ಪೋಷಕಾಂಶ ಎಲ್ಲ ಕರಾವಳಿಗೆ ಬಂತು. ಮೊರಾಕೊದ ಬಂಡೆಗಳಲ್ಲಿ ಈ ಎರಡು ಉಪಕಾಲಗಳ ಗಡಿಯ ಕೆಳಗೆ ಶುದ್ಧ ಸುಣ್ಣಕಲ್ಲು ಇದೆ, ಮೇಲೆ ಮರಳು ಜೇಡಿಯ ಪದರ. ಅಲ್ಲಿನ ಬಿರುಗಾಳಿ ಪದರಗಳನ್ನು ಅಧ್ಯಯನ ಮಾಡಿದವರು ಆ ಬಿಸಿ ಕಾಲದಲ್ಲಿ ಉಷ್ಣವಲಯದ ಚಂಡಮಾರುತಗಳು ಬಲವಾಗಿದ್ದವು ಎಂದೂ ಹೇಳುತ್ತಾರೆ. ಕಲಕಿದ ನೀರಿನಲ್ಲಿ ಬೆಳಕು ಇಳಿಯುವುದಿಲ್ಲ. ಹೂಳು ಕೂತರೆ ಪಾಲಿಪ್‌ಗೆ ತಿನ್ನಲೂ ಆಗುವುದಿಲ್ಲ.

ಯಾವ ಹವಳಗಳು ಉಳಿದವು?

ಚಿಕ್ಕವು, ಒಂಟಿಯವು. ಒಂದು ಉದಾಹರಣೆ ಥೀಕೊಸಯಾಥಸ್. ಟೊಆರ್ಶಿಯನ್ ಕಾಲದ ಜೇಡಿ ಪದರಗಳಲ್ಲಿ ಫ್ರಾನ್ಸ್, ಜರ್ಮನಿ ಕಡೆ ಸಿಗುತ್ತದೆ. ನೋಡಲು ಅಂಗಿ ಗುಂಡಿಯ ಹಾಗೆ: ದುಂಡಗೆ, ಚಪ್ಪಟೆ. ಮೇಲಿನ ಮುಖದಲ್ಲಿ ನಡುವಿನಿಂದ ಅಂಚಿಗೆ ಹೋಗುವ ಸಣ್ಣ ಏಣುಗಳು. ಒಂದು ಪಾಲಿಪ್, ಒಂದು ಗುಂಡಿ, ಅಷ್ಟೇ. ಅದಕ್ಕೆ ಕೂರಲು ಗಟ್ಟಿ ಬಂಡೆ ಬೇಕಿಲ್ಲ, ಮೆತ್ತನೆ ಕೆಸರಿನ ಮೇಲೂ ಬದುಕುತ್ತದೆ. ಬೆಳಕಿಲ್ಲದಿದ್ದರೂ ನಡೆಯುತ್ತದೆ.

ಮೊದಲ ಅಳಿವಿನ ಆಮೇಲೂ ಇದೇ ನಡೆದಿತ್ತು. ಸ್ಟೈಲೊಫಿಲಾಪ್ಸಿಸ್‌ನಂಥ ಒಂಟಿ ಹವಳಗಳು ಎದ್ದು ಕಂಡವು. ಪಾಲಿಪ್‌ಗಳೆಲ್ಲ ಒಂದಕ್ಕೊಂದು ಬೆಸೆದು ದೊಡ್ಡ ಮನೆ ಕಟ್ಟುವ ಜಾತಿಗಳು ಹೆಚ್ಚು ಪೆಟ್ಟು ತಿಂದವು. ದಿಬ್ಬ ಕಟ್ಟುವ ಸಾಮರ್ಥ್ಯ ಯಾವುದಕ್ಕೆ ಇತ್ತೋ ಅದಕ್ಕೇ ಕಷ್ಟ ಜಾಸ್ತಿ. ಹಾಗಾಗಿ 'ಹವಳಗಳು ಬದುಕಿದವು' ಎಂಬ ಮಾತು ನಿಜವಾದರೂ ಅದನ್ನು ಕೇಳಿ ಸಮಾಧಾನ ಪಡುವ ಹಾಗಿಲ್ಲ. ದಿಬ್ಬದ ಸಂದಿಗೊಂದಿಗಳನ್ನು ನಂಬಿ ಬದುಕುತ್ತಿದ್ದ ಮೀನು, ಏಡಿ, ಸ್ಪಂಜು, ಬಸವನಹುಳುಗಳಿಗೆ ಕೆಸರಿನ ಮೇಲಿನ ಒಂದು ಗುಂಡಿಯಿಂದ ಏನು ಪ್ರಯೋಜನ?

ಲಿಥಿಯೋಟಿಸ್ ಬಳಗವಂತೂ ಈ ಬಿಕ್ಕಟ್ಟಿನ ಪೆಟ್ಟಿನಿಂದ ಮೇಲೇಳಲೇ ಇಲ್ಲ.

ಸುಣ್ಣದ ಮೈ ಬಿಟ್ಟು ಬರೀ ಮೆತ್ತಗಿನ ಪಾಲಿಪ್ ಆಗಿ ಬದುಕಿರಬಹುದಾ?

ಸಾಧ್ಯ ಇದೆ. 2007ರಲ್ಲಿ ಇಸ್ರೇಲಿನ ಮಾಓಸ್ ಫೈನ್ ಮತ್ತು ಡಾನ್ ಚೆರ್ನೊವ್ ಮೆಡಿಟರೇನಿಯನ್‌ನ ಎರಡು ಜಾತಿಯ ಹವಳಗಳನ್ನು ಆಮ್ಲೀಯ ನೀರಿನಲ್ಲಿ ಒಂದು ವರ್ಷ ಇಟ್ಟರು. ಸುಣ್ಣದ ಭಾಗ ಕರಗಿಹೋಯಿತು. ಪಾಲಿಪ್‌ಗಳು ಮಾತ್ರ ಸಾಯಲಿಲ್ಲ. ಮತ್ತೆ ಮಾಮೂಲಿ ಸಮುದ್ರದ ನೀರಿಗೆ ಹಾಕಿದಾಗ ಸುಣ್ಣ ಕಟ್ಟಲು ಶುರು ಮಾಡಿದವು. ಕೆಲವು ಹವಳ ಕುಲಗಳು ಅಳಿವಿನ ಪದರದಲ್ಲಿ ಮಾಯವಾಗಿ ಲಕ್ಷಾಂತರ ವರ್ಷಗಳ ಆಮೇಲೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ವಿವರಣೆ ಆಗಬಹುದು.

ಆದರೆ ಇದನ್ನೇ ಎಲ್ಲದಕ್ಕೂ ಹಚ್ಚಬಾರದು. ಮೆತ್ತಗಿನ ಪಾಲಿಪ್ ಕಲ್ಲಾಗಿ ಉಳಿಯುವುದಿಲ್ಲ, ಹಾಗಾಗಿ ಪಳೆಯುಳಿಕೆಯಿಂದ ಇದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಯಾರೂ ಇನ್ನೂ ಹುಡುಕದ ಒಂದು ಮೂಲೆಯಲ್ಲಿ ಅವು ಸುಣ್ಣದ ಮೈ ಸಮೇತವೇ ಬದುಕಿದ್ದಿರಬಹುದು. ಅರಗೊನೈಟ್ ಬೇಗ ಕರಗುವುದರಿಂದ ಎಷ್ಟೋ ಪಳೆಯುಳಿಕೆ ಅಳಿಸಿಹೋಗಿರಲೂಬಹುದು.

ಆಗಿನ ಹವಳಗಳ ಒಳಗೂ ಪಾಚಿ ಇತ್ತಾ?

ಈಗಿನ ದಿಬ್ಬದ ಹವಳಗಳ ಜೀವಕೋಶದೊಳಗೆ ಸೂಕ್ಷ್ಮ ಪಾಚಿಗಳಿವೆ. ಅವು ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತವೆ. ಬಿಸಿ ಜಾಸ್ತಿಯಾದರೆ ಈ ಸಂಬಂಧ ಮುರಿದು ಹವಳ ಬಿಳಿಚುತ್ತದೆ. ಟರ್ಕಿಯ ಅಂತಾಲ್ಯಾದಲ್ಲಿ ಸಿಕ್ಕ ಟ್ರಯಾಸಿಕ್ ಹವಳಗಳು ಅಪರೂಪಕ್ಕೆ ಅರಗೊನೈಟ್ ಸಮೇತ ಉಳಿದಿವೆ. ಅವುಗಳ ಬೆಳವಣಿಗೆಯ ಪದರ ಮತ್ತು ಐಸೊಟೋಪ್‌ಗಳನ್ನು ನೋಡಿ, 2016ರಲ್ಲಿ ಪೋಲೆಂಡ್‌ನ ಕ್ಯಾಟರ್ಜಿನಾ ಫ್ರಾಂಕೊವಿಯಾಕ್ ತಂಡ ಆಗಲೇ ಪಾಚಿಯ ಜೊತೆಗಾರಿಕೆ ಇತ್ತು ಎಂದಿತು. ಈಗಿನ ಹವಳಗಳಲ್ಲಿರುವ ಪಾಚಿ ಕುಟುಂಬದ ಡಿಎನ್‌ಎ ಲೆಕ್ಕ ಮಾತ್ರ ಸುಮಾರು 16 ಕೋಟಿ ವರ್ಷದವರೆಗೆ ಹೋಗುತ್ತದೆ. ಎರಡೂ ನಿಜ ಇರಬಹುದು: ಹಳೇ ಜೊತೆಗಾರ ಪಾಚಿಗಳು ಹೋಗಿ ಹೊಸವು ಬಂದಿರಬಹುದು.

ಇಷ್ಟು ಹಳೇ ಬಿಸಿ, ಕಾರ್ಬನ್ ಎಲ್ಲ ಹೇಗೆ ಗೊತ್ತಾಗುತ್ತದೆ?

ಮುಖ್ಯ ಸುಳಿವು ಕಾರ್ಬನ್‌ನ ಎರಡು ಬಗೆ: ಹಗುರದ್ದು ಮತ್ತು ಭಾರದ್ದು. ಗಿಡ, ಕಲ್ಲಿದ್ದಲು, ಮೀಥೇನ್‌ನಲ್ಲಿ ಹಗುರ ಕಾರ್ಬನ್ ಜಾಸ್ತಿ. ಟೊಆರ್ಶಿಯನ್ ಪದರಗಳಲ್ಲಿ ಹಗುರ ಕಾರ್ಬನ್ ಒಮ್ಮೆಗೇ ಏರುತ್ತದೆ. ಸಮುದ್ರದ ಚಿಪ್ಪಿನಲ್ಲೂ ಹಾಗೆ, ನೆಲದ ಮರದ ಪಳೆಯುಳಿಕೆಯಲ್ಲೂ ಹಾಗೆ. ಅಂದರೆ ಬದಲಾದದ್ದು ಇಡೀ ಭೂಮಿಯ ಗಾಳಿ. ಟೊಆರ್ಶಿಯನ್ ಉಪಕಾಲದ ಆರಂಭಕ್ಕೆ ಜಗತ್ತಿನ ಅಧಿಕೃತ ಗುರುತು ಇರುವುದು ಪೋರ್ಚುಗಲ್‌ನ ಪೆನಿಶ್ ಊರಿನ ಕಡಲದಂಡೆಯ ಬಂಡೆಯಲ್ಲಿ. ಅಲ್ಲಿ ಪದರ ಪದರವಾಗಿ ಇದನ್ನು ಅಳೆದಿದ್ದಾರೆ.

ದಿಬ್ಬಗಳು ವಾಪಸ್ ಬರಲು ಎಷ್ಟು ಕಾಲ ಬೇಕಾಯಿತು?

ಟೊಆರ್ಶಿಯನ್ ಉದ್ದಕ್ಕೂ ದಿಬ್ಬಗಳು ವಿರಳ. ಅಲ್ಲೊಂದು ಇಲ್ಲೊಂದು ಆಸರೆಯ ಜಾಗ ಇತ್ತು, ಮೊರಾಕೊದಲ್ಲೂ ಅಂಥವು ಸಿಕ್ಕಿವೆ. ಎಲ್ಲೆಡೆ ಮತ್ತೆ ಜೋರಾಗಿ ಬೆಳೆದದ್ದು ಬಜೋಸಿಯನ್ ಉಪಕಾಲದಲ್ಲಿ, ಸುಮಾರು 17 ಕೋಟಿ ವರ್ಷಗಳ ಹಿಂದೆ. ಅಂದರೆ ಒಂದು ಕೋಟಿ ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು. (ಹೋಲಿಕೆಗೆ: ಮನುಷ್ಯ ಜಾತಿ ಹುಟ್ಟಿ ಇನ್ನೂ ಸುಮಾರು ಮೂರು ಲಕ್ಷ ವರ್ಷ.) ಆಮೇಲೆ 16 ಕೋಟಿ ವರ್ಷಗಳ ಹಿಂದಿನ ಆಕ್ಸ್‌ಫರ್ಡಿಯನ್‌ನಲ್ಲಿ ಯೂರೋಪಿನ ತುಂಬ ಹವಳದ ದಿಬ್ಬಗಳ ಸುಗ್ಗಿ. ಫ್ರಾನ್ಸ್-ಸ್ವಿಟ್ಜರ್ಲೆಂಡ್ ಗಡಿಯ ಜುರಾ ಬೆಟ್ಟಗಳಲ್ಲಿ ಅವು ಈಗಲೂ ಕಾಣುತ್ತವೆ.

ಅಷ್ಟನ್ನೂ ದಾಟಿ ಬಂದವು ಅಂದಮೇಲೆ ಈಗಿನ ಬಿಸಿಯನ್ನೂ ದಾಟುತ್ತವೆ ಅಲ್ವಾ?

ಹವಳ ಎಂಬ ಪ್ರಾಣಿ ದಾಟಬಹುದು. ನಮ್ಮ ಲಕ್ಷದ್ವೀಪ ದಾಟುತ್ತದಾ ಎಂಬುದು ಬೇರೆ ಪ್ರಶ್ನೆ. ಆ ದ್ವೀಪಗಳು ನಿಂತಿರುವುದೇ ಹವಳದ ದಿಬ್ಬದ ಮೇಲೆ. ಅಲ್ಲಿನ ಹವಳಗಳು 1998, 2010, 2016ರಲ್ಲಿ ಬಿಳಿಚಿದವು, 2024ರಲ್ಲಿ ಮತ್ತೆ. 2023ರಲ್ಲಿ ಶುರುವಾದ ನಾಲ್ಕನೇ ಜಾಗತಿಕ ಬಿಳಿಚುವಿಕೆಯಲ್ಲಿ ಪ್ರಪಂಚದ ದಿಬ್ಬಗಳ ಸುಮಾರು 84% ಭಾಗ ಬಿಳಿಚುವಷ್ಟು ಬಿಸಿ ಅನುಭವಿಸಿದೆ. ಕರ್ನಾಟಕದವರಿಗೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಹವಳಗಳು ಗೊತ್ತಿರುತ್ತವೆ. ಅವೂ ಇದೇ ಅರಬ್ಬಿ ಸಮುದ್ರದವು.

ವೇಗವನ್ನೂ ನೋಡಬೇಕು. ಕರೂ ಕಾಲದ ಕಾರ್ಬನ್ ಸಾವಿರಾರು ವರ್ಷಗಳಲ್ಲಿ ಹರಡಿ ಬಂತು. ನಾವು ಕೈಗಾರಿಕೆ ಶುರುವಾದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ದಶಲಕ್ಷಕ್ಕೆ 280ರಿಂದ 420ರ ಮೇಲಕ್ಕೆ ಏರಿಸಿದ್ದೇವೆ, ಅದೂ ಎರಡು ಮೂರು ಶತಮಾನದೊಳಗೆ. ವೋಲ್ಫ್‌ಗ್ಯಾಂಗ್ ಕೀಸ್ಲಿಂಗ್ ಮತ್ತು ಕಾರ್ಲ್ ಸಿಂಪ್ಸನ್ 2011ರಲ್ಲಿ ಕಳೆದ 50 ಕೋಟಿ ವರ್ಷದ ಐದು ದೊಡ್ಡ ದಿಬ್ಬ ಕುಸಿತಗಳನ್ನು ಪರಿಶೀಲಿಸಿದರು. ನಾಲ್ಕರಲ್ಲಿ ಬಿಸಿಯೇರಿಕೆ ಮತ್ತು ಆಮ್ಲೀಯತೆಯ ಕೈವಾಡ ಇರುವ ಸಾಧ್ಯತೆ ಅವರಿಗೆ ಕಂಡಿತು. ಜುರಾಸಿಕ್ ಹವಳಗಳನ್ನು ತೋರಿಸಿ 'ಏನೂ ಆಗಲ್ಲ ಬಿಡಿ' ಅನ್ನುವವರು ಈ ಇತಿಹಾಸವನ್ನು ತಲೆಕೆಳಗೆ ಓದುತ್ತಿದ್ದಾರೆ.

ಭಾರತದಲ್ಲಿ ಜುರಾಸಿಕ್ ಹವಳ ಎಲ್ಲಿ ಸಿಗುತ್ತದೆ?

ಕರ್ನಾಟಕದಲ್ಲಿ ಸಿಗುವುದಿಲ್ಲ. ಆಗ ನಮ್ಮ ನೆಲ ಗೊಂಡ್ವಾನಾದ ಒಳಗಿತ್ತು, ಸಮುದ್ರ ದೂರ. ನೋಡಬೇಕಾದದ್ದು ಗುಜರಾತಿನ ಕಛ್. ಕರೂ ಲಾವಾ ಉಕ್ಕಿಸಿದ ಗೊಂಡ್ವಾನಾದ ಬಿರುಕು ಮುಂದೆ ಇನ್ನೂ ಅಗಲವಾಯಿತು. ಆ ತಗ್ಗಿಗೆ ಸಮುದ್ರ ನುಗ್ಗಿ, ಜುರಾಸಿಕ್‌ನ ಮಧ್ಯಭಾಗದಲ್ಲಿ ಕಛ್ ಆಳವಿಲ್ಲದ ಕಡಲಾಯಿತು. ಅಲ್ಲಿನ ಹವಳಗಳನ್ನು 1900ರಲ್ಲಿ ಜೆ. ಡಬ್ಲ್ಯು. ಗ್ರೆಗರಿ ವಿವರಿಸಿದರು. ಆಮೇಲೆ ಧೀರೇಂದ್ರ ಕೆ. ಪಾಂಡೆ ಮತ್ತು ಫ್ರಾಂಜ್ ಫ್ಯೂರ್ಸಿಕ್ ಮತ್ತೆ ವಿವರವಾಗಿ ಅಧ್ಯಯನ ಮಾಡಿದರು. ಅಲ್ಲಿ ಆಂಫಿಯಾಸ್ಟ್ರಿಯಾದಂಥ ಹವಳಗಳು ಹೂಳು ಬೀಳುವ ಜಾಗದಲ್ಲೂ ಬೆಳೆದಿವೆ. ದೊಡ್ಡ ದಿಬ್ಬ ಕಟ್ಟಲು ಹೇಳಿಮಾಡಿಸಿದ ಕಡಲಾಗಿರಲಿಲ್ಲ ಅದು. ಹೋದರೆ ಕಲ್ಲು ಕೀಳಬೇಡಿ, ಫೋಟೋ ತೆಗೆಯಿರಿ. ಯಾವ ಪದರದಲ್ಲಿ ಹವಳ ಇತ್ತು ಅನ್ನುವುದೇ ಅದರ ಅರ್ಧ ಮಾಹಿತಿ, ಕಿತ್ತರೆ ಅದು ಹೋಯಿತು.